ಬೂಬಮ್ಮನ ಕೌದಿ

ಬೂಬಮ್ಮನ ಕೌದಿಯಲ್ಲಿ ಇಳಕಲ್ ಸೀರೆಯ ಸೆರಗಿತ್ತು, ಗೋಣಿಚೀಲದ ತುಂಡಿತ್ತು, ಸಿಪಾಯಿ ಕೋಟಿನ ಹಿತ್ತಾಳೆ ಗುಂಡಿಗಳಿದ್ದವು. ಅದನ್ನು ಆಕೆ ಯಾರಿಗೂ ಮಾರುತ್ತಿರಲಿಲ್ಲ. ಊರವರಿಗೆ ಕೌದಿ ಹೊಲಿದುಕೊಟ್ಟಾಗಲೆಲ್ಲ ಅವರ ಬಟ್ಟೆಯದೊಂದು ಚೂರು ಕೇಳಿ ಇಸಿದುಕೊಂಡು ಇದಕ್ಕೆ ಸೇರಿಸುತ್ತಿದ್ದಳು.

ನಮ್ಮ ತುರ್ವಿಹಾಳದಲ್ಲಿ ಅಷ್ಟು ಕಪ್ಪು ಮೈ, ಅಷ್ಟು ಗುಂಗುರು ಕೂದಲು ಬೇರೆ ಯಾರಿಗೂ ಇರಲಿಲ್ಲ. ಆಕೆಯ ಅಜ್ಜನನ್ನು ಚಿಕ್ಕಂದಿನಲ್ಲೇ ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರಂತೆ. ಹೈದರಾಬಾದಿನಲ್ಲಿ ನಿಜಾಮರ ಕುದುರೆ ಪಡೆಯಲ್ಲಿದ್ದನಂತೆ. ಆಕೆಯ ಗಂಡನೂ ಅಲ್ಲೇ ಸಿಪಾಯಿ. ಪಡೆ ಚದುರಿದ ಮೇಲೆ ಕಾಲುವೆ ಕೆಲಸದ ಕಾವಲಿಗೆಂದು ಬಂದವನು ಜ್ವರ ಬಂದು ತೀರಿಕೊಂಡ. ಬೂಬಮ್ಮ ಇಲ್ಲೇ ಉಳಿದಳು.

ಒಮ್ಮೆ ನಾನು ಶಾಲೆಯ ನಕಾಶೆ ಪುಸ್ತಕ ಒಯ್ದು ಆಫ್ರಿಕಾ ತೋರಿಸಿದೆ. ಬಹಳ ಹೊತ್ತು ಬೆರಳಾಡಿಸಿದಳು. ಕೊನೆಗೆ ಇಡೀ ಅಂಗೈಯನ್ನೇ ಅದರ ಮೇಲಿಟ್ಟಳು.

"ಇಷ್ಟ ದೊಡ್ಡದೈತೇನ್ ಬೇಟಿ? ಇದರಾಗ ನಮ್ಮಜ್ಜನ ಮನಿ ಎಲ್ಲಿ ಅಂತ ಹುಡುಕ್ಲಿ?"

ಮುಂದೆ ಉಪಕಾಲುವೆ ಆಕೆಯ ಗುಡಿಸಲಿನ ಮೇಲೆಯೇ ಹಾಯುವುದೆಂದಾಯಿತು. ಮನೆ ಕಳೆದುಕೊಂಡ ಊರವರಿಗೆ ಬೇರೆ ಜಾಗ ಕೊಡುತ್ತಿದ್ದರು. ಪಟ್ಟಿ ಬರೆಯಲು ಬಂದ ಗುಮಾಸ್ತ ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ನೀ ಈ ಊರಾಕಿ ಅಲ್ಲ. ನಿನಗ ಕೊಡಾಕ ಬರಂಗಿಲ್ಲ" ಅಂದ.

ಬೂಬಮ್ಮ ಹೋಗಿ ಆ ಕೌದಿ ತಂದು ಚಾವಡಿಯ ಮುಂದೆ ಹಾಸಿದಳು.

"ಇದರಾಗ ಊರೆಲ್ಲಾ ಐತ್ರಿ ಸಾಹೇಬ್ರ. ಬೇಕಾದ್ರ ಕೇಳ್ರಿ."

ಮೊದಲು ಬಗ್ಗಿದವಳು ನಮ್ಮವ್ವ. "ಇದು ನನ್ನ ಬಾಣಂತನದ ಸೀರಿ. ಈ ಹುಡುಗಿನ್ನ ಮೊದ್ಲ ಎತಗೊಂಡಾಕಿ ಈಕಿನ." ಗೌಡತಿ ತನ್ನ ಸೆರಗು ತೋರಿಸಿದಳು. ಕುರಿ ಕಾಯುವ ಹನುಮವ್ವ ಸತ್ತುಹೋದ ಮಗನ ಅಂಗಿಯ ತುಂಡು ಸವರುತ್ತ ಕೂತುಬಿಟ್ಟಳು.

"ನಮ್ಮೂರ ಬೂಬಮ್ಮ ಅಂತ ಬರ್ಕೊಳ್ರಿ" ಎಂದಳು ಅವ್ವ. ಗುಮಾಸ್ತ ಹಾಗೆಯೇ ಬರೆದುಕೊಂಡ.

ನಾನು ಮದುವೆಯಾಗಿ ಲಿಂಗಸುಗೂರಿಗೆ ಹೋದ ವರ್ಷ, ತಂಗಿಗೆ ಆರಾಮಿಲ್ಲವೆಂದು ಆಕೆ ಹೈದರಾಬಾದಿಗೆ ಹೋದಳು. ತಿರುಗಿ ಬರಲಿಲ್ಲ. ಪ್ರತಿ ಪಂಚಮಿಗೆ ತವರಿಗೆ ಹೋದಾಗ ಹೊಸ ಜಾಗದಲ್ಲಿ ಬೀಗ ಹಾಕಿದ್ದ ಆಕೆಯ ಮನೆಯ ಮುಂದೆ ನಿಂತು ಬರುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ ಗಂಡನ ಜೊತೆ ಹೈದರಾಬಾದಿಗೆ ಹೋದಾಗ, ಆಕೆಯ ಜನರಿರುವ ಓಣಿಯನ್ನು ಕೇಳಿಕೊಂಡು ಹೋದೆ. ಅದೇ ಗುಂಗುರು ಕೂದಲಿನ ಮುದುಕಿಯೊಬ್ಬಳು ಕದ ತೆಗೆದಳು. ಬೂಬಮ್ಮನೇ ಅಂದುಕೊಂಡೆ. ಆಕೆ ಅಲ್ಲ.

"ಯಾರು ಬೇಕಮ್ಮ?" ಎಂದು ಉರ್ದುವಿನಲ್ಲಿ ಕೇಳಿದಳು.

"ಬೂಬಮ್ಮ."

"ಅದು ನೀವೆಲ್ಲ ಕರೆದದ್ದು. ಅವಳ ಹೆಸರು ಹೇಳು."

ಆಕೆಯ ಹೆಸರೇನೆಂದು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ.