ಮೇಲ್ದುಟಿಯ ಒಡೆತನ

“ತಂದೆ ತೀರಿಕೊಂಡ ಸುದ್ದಿ ಬಂದ ದಿನವೇ ಹಣಮಂತಪ್ಪನವರು ಮೀಸೆ ಬೋಳಿಸಿ, ಸೀರೆಯುಟ್ಟು, ಕಣ್ಣೀರು ನುಂಗಿ ನಾಯಕಿಯ ಪಾತ್ರವಾಡಿದರು, ಕಲೆಯ ಮುಂದೆ ಕರುಳೂ ಸಣ್ಣದು.” ಪುಣೆಯ ಕನ್ನಡಿಗರ ಯಾವ ಸಭೆಗೆ ಹೋದರೂ, ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಈ ಮಾತು ಕಿವಿಗೆ ಬೀಳುತ್ತದೆ. ಗೆಳೆಯರೆ, ನಾನು ನಾಲ್ಕನೆಯ ಇಯತ್ತೆ ದಾಟಿದವನಲ್ಲ. ಹಳೆಯ ಪುಸ್ತಕಗಳ ಅಂಗಡಿಯೇ ನನ್ನ ಕಾಲೇಜು. ಆದರೂ ವಿನಯಪೂರ್ವಕವಾಗಿ ಹೇಳುತ್ತೇನೆ: ಆ ಸತ್ತವರಿಗೆ ನಾನೇ ಎರಡು ಸಲ ಚಹಾ ಬಗ್ಗಿಸಿ ಕೊಟ್ಟಿದ್ದೇನೆ.

ಇಂಗ್ರೇಜರು ಇನ್ನೂ ಇದ್ದ ಕಾಲ. ಬುಧವಾರ ಪೇಟೆಯ ಒಂದು ನಾಟ್ಯಗೃಹದಲ್ಲಿ ನಾನು ಟಿಕೀಟು ಹರಿದುಕೊಡುತ್ತಿದ್ದೆ, ಫಲಕ ಬರೆಯುತ್ತಿದ್ದೆ. ಗೃಹಕ್ಕೂ ಕಂಪನಿಗೂ ಒಬ್ಬರೇ ಮಾಲೀಕರು, ಬೆಳಗಾವಿಯ ಅಣ್ಣಾಸಾಹೇಬರು. ಹೆಂಗಸರ ಪಾತ್ರವನ್ನು ಗಂಡಸರೇ ಆಡುತ್ತಿದ್ದ ಆ ದಿನಗಳಲ್ಲಿ ನಮ್ಮ ನಾಯಕಿ ಗದಗಿನ ಕಡೆಯ ಹಣಮಂತಪ್ಪ. ಅವನ ಕರಾರುಪತ್ರದಲ್ಲಿ ಪಗಾರಕ್ಕೆ ಒಂದೇ ಸಾಲು, ಶರೀರಕ್ಕೆ ಒಂದಿಡೀ ಪುಟ: ಕೂದಲು ಕತ್ತರಿಸಕೂಡದು, ಬಿಸಿಲಿಗೆ ಹೋಗಕೂಡದು, ಮೀಸೆ ಬಿಡಕೂಡದು.

ತಂದೆ ಬದುಕಿರುವಾಗ ಮಗ ಮೀಸೆ ಬೋಳಿಸುವುದು ಅವರ ಮನೆತನದಲ್ಲಿ ಅಪಶಕುನ. ಸೋಮವತಿ ಅಮಾವಾಸ್ಯೆಗೆ ಪುಣೆಯ ಹತ್ತಿರದ ಜೇಜುರಿಗೆ, ಖಂಡೋಬನ ದರ್ಶನಕ್ಕೆ ಹೊರಟಿದ್ದ ತಂದೆ ಮೈಲಾರಪ್ಪ, ಊರಿನ ಮಾಸ್ತರರಿಂದ ಕಾಗದ ಬರೆಯಿಸಿದ: ಮೀಸೆಯಿದ್ದರೆ ದೇವರ ಮುಂದೆ ನನ್ನ ಮಗನಾಗಿ ನಿಲ್ಲು, ಇಲ್ಲದಿದ್ದರೆ ಇಂದಿಗೆ ನಿನ್ನ ನನ್ನ ಸಂಬಂಧ ಮುಗಿಯಿತು. ಹಣಮಂತಪ್ಪ ಒಂದು ತಿಂಗಳ ಬಿಡುವು ಕೇಳಿದ.

“ಜನಾ ನಿನ್ನ ಮುಖಾ ನೋಡಾಕ ಬರ್ತಾರ. ಆ ಮುಖಾ ನಂದು,” ಎಂದರು ಮಾಲೀಕರು.

ಮರುದಿನದಿಂದ ಅವನು ಕ್ಷೌರದ ಕತ್ತಿ ಮುಟ್ಟಲಿಲ್ಲ. ಮುಷ್ಕರವೆಂದರೆ ಘೋಷಣೆ, ಮೆರವಣಿಗೆ ಎಂದು ತಿಳಿದವರು ಈ ಮುಷ್ಕರವನ್ನು ನೋಡಬೇಕಿತ್ತು. ದಿನಕ್ಕೆ ಒಂದು ಎಳ್ಳಿನಷ್ಟು ಮೌನವಾಗಿ ಬೆಳೆಯುತ್ತಿತ್ತು. ಮಾಲೀಕರು ತುಟಿ ಮುಚ್ಚುವಂಥ ನತ್ತು ಮಾಡಿಸಿದರು, ಮೀಸೆ ಇಣುಕಿತು. ಬಳೆಯಷ್ಟು ದೊಡ್ಡ ನತ್ತು ಬಂದಿತು. ಅದರ ನಡುವೆ ಮೀಸೆ ಚೌಕಟ್ಟು ಹಾಕಿದ ಚಿತ್ರದಂತೆ ಶೋಭಿಸಿತು. ಕೊನೆಗೆ ಅವರಿಗೆ ಶಾಸ್ತ್ರ ನೆನಪಾಯಿತು, ಸೂತಕದಲ್ಲಿ ಕ್ಷೌರವಿಲ್ಲವಲ್ಲ! ಅವರು ಹೇಳಿದರು, ನಾನು ಬರೆದೆ: “ನಾಯಕಿಯ ಪಾತ್ರಧಾರಿಗೆ ಪಿತೃವಿಯೋಗವಾದ ಪ್ರಯುಕ್ತ ಆಟ ಮುಂದೂಡಲಾಗಿದೆ.” ಅಕ್ಷರ ದುಂಡಾಗಿತ್ತು. ಆ ಪಾಪದ ಅರ್ಧಪಾಲು ನನ್ನದು.

ಮೂರನೆಯ ದಿನ ಮುಂಜಾನೆ ನಾಟ್ಯಗೃಹದ ಕಟ್ಟೆಯ ಮೇಲೆ ಸಂತಾಪಕ್ಕೆ ಬಂದವರು ತುಂಬಿದ್ದರು. ಕಂಬಳಿ ಹೊದ್ದು, ಸೊಂಟಕ್ಕೆ ಭಂಡಾರದ ಅರಿಸಿನದ ಚೀಲ ಕಟ್ಟಿದ್ದ ಮುದುಕನೊಬ್ಬ ಬಂದು ಅವರ ನಡುವೆ ಕುಳಿತ. ನಾನು ಚಹಾ ಕೊಟ್ಟೆ.

“ಯಾರು ಹೋದ್ರೀ?” ಎಂದು ಪಕ್ಕದವರನ್ನು ಕೇಳಿದ.

“ಹಣಮಂತಪ್ಪನ ತಂದೀರಿ. ಭಾಳ ದೊಡ್ಡ ಮನಷ್ಯಾ ಅಂತ.”

“ಹೌದೇನ್ರಿ? ಇದ್ದಾಗ ಯಾರೂ ಹಂಗ ಅಂದಿರ್ಲಿಲ್ಲ ನೋಡ್ರಿ,” ಎಂದು ಮುದುಕ ಕಪ್ಪನ್ನು ಮತ್ತೆ ಮುಂದೆ ಚಾಚಿದ.

ಅಷ್ಟರಲ್ಲಿ ಒಳಗಿನಿಂದ ಹಣಮಂತಪ್ಪ, ತುಂಬುಮೀಸೆಯ ಹಣಮಂತಪ್ಪ, “ಅಪ್ಪಾ!” ಎಂದು ಓಡಿಬಂದು ಕಾಲಿಗೆ ಬಿದ್ದ. ಸಂತಾಪದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಅಣ್ಣಾಸಾಹೇಬರು ಬಾಗಿಲಲ್ಲೇ ಕಂಬವಾದರು.

“ಸಾಹೇಬ್ರ, ನಾ ಸತ್ತದ್ದು ನಿಮಗ ಉಪಯೋಗ ಆತು,” ಎಂದ ಮೈಲಾರಪ್ಪ ಶಾಂತವಾಗಿ. “ಬದುಕಿದ್ದು ನನ್ನ ಮಗಗ ಉಪಯೋಗ ಆಗ್ಲಿ. ಒಲ್ಲೆ ಅಂದ್ರ ದಿನಾ ಇದ ಕಟ್ಟಿ ಮ್ಯಾಲ ಕುಂತು, ಸತ್ತಾಂವ ನಾನ ನೋಡ್ರಿ ಅಂತೇನಿ.”

ಮಧ್ಯಾಹ್ನದೊಳಗೆ ಹೊಸ ಕರಾರಾಯಿತು. ತಂದೆ ಮಗ ಜೇಜುರಿಗೆ ಹೊರಟರು.

ಸಾವಿನ ಸುದ್ದಿ ಪೇಟೆಯೆಲ್ಲ ಸುತ್ತಿತ್ತು. ಬದುಕಿದ ಸುದ್ದಿಗೆ ಯಾರೂ ಫಲಕ ಬರೆಸಲಿಲ್ಲ. ಹಣಮಂತಪ್ಪ ಮತ್ತೆ ಸೀರೆಯುಟ್ಟಾಗ ಜನ ತಾವೇ ಕಥೆಯನ್ನು ಹೊಲಿದುಕೊಂಡರು, ಮಾಲೀಕರು ಅದಕ್ಕೆ ಜರಿ ಹಚ್ಚಿದರು. ತ್ಯಾಗದ ಕಥೆಗಳನ್ನು ಕೇಳುವಾಗ, ಗೆಳೆಯರೆ, ಹೇಳುವವನು ತ್ಯಾಗ ಮಾಡಿದವನೋ ಮಾಡಿಸಿಕೊಂಡವನೋ ಎಂದೊಮ್ಮೆ ನೋಡಿ. ಹಣಮಂತಪ್ಪನೂ ಮುಪ್ಪಿನಲ್ಲಿ ಸನ್ಮಾನದ ಹಾರಕ್ಕೆ ತಲೆ ಬಾಗಿಸಿದನೇ ಹೊರತು ಕಥೆಯನ್ನು ತಿದ್ದಲಿಲ್ಲ. ಅದಕ್ಕಾಗಿ ಅವನನ್ನು ದೂರಲಾರೆ, ಹಾರ ಭಾರವಾಗಿತ್ತು.

ನನ್ನ ಮಾತನ್ನೂ ನಂಬಬೇಡಿ. ಆ ಹೊಸ ಕರಾರುಪತ್ರ ಪುಣೆಯ ನಾನಾ ಪೇಟೆಯಲ್ಲಿ ಹಣಮಂತಪ್ಪನ ಮಗಳ ಬಳಿಯಿದೆ. ಕೇಳಿದವರಿಗೆಲ್ಲ ಆಕೆ ತೋರಿಸುತ್ತಾಳೆ. “ತಂದೆಯು ಜೀವಂತವಿರುವವರೆಗೆ, ವರ್ಷಕ್ಕೊಂದು ತಿಂಗಳು, ನಟನ ಮೇಲ್ದುಟಿಯು ನಟನ ಸ್ವಾಧೀನದಲ್ಲಿರತಕ್ಕದ್ದು.” ಕೆಳಗೆ ಮಾಲೀಕರ ಸಹಿ. ಅದರ ಪಕ್ಕದಲ್ಲಿ ಸಾಕ್ಷಿಯಾಗಿ ಮೈಲಾರಪ್ಪನ ಹೆಬ್ಬೆಟ್ಟು. ಶಾಯಿಯ ಸುತ್ತ ಖಂಡೋಬನ ಭಂಡಾರದ ಅರಿಸಿನ ಇನ್ನೂ ಹಳದಿಯಾಗಿಯೇ ಇದೆ.