ಇಳಿಸಿದ ಎಂಟು ಸಾವಿರ

ಬೆಳ್ತಂಗಡಿಯ ಶೋರೂಮಿನಲ್ಲಿ ಎರಡು ಗಂಟೆ ವಾದಿಸಿ ನಾನು ಹೊಸ ಟ್ರ್ಯಾಕ್ಟರಿನ ಬೆಲೆಯಲ್ಲಿ ಎಂಟು ಸಾವಿರ ಇಳಿಸಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ಅಮ್ಮ, ಮನೆ ಎಲ್ಲಿ ಎಂದು ಮ್ಯಾನೇಜರನ್ನು ತುಳುವಿನಲ್ಲಿ ಕೇಳಿಬಿಟ್ಟರು. ಮ್ಯಾನೇಜರ್ ಅಲ್ಲೇ ಹತ್ತಿರದ ನೆರಿಯ ಊರಿನವರು. ಇನ್ನೆರಡು ಪ್ರಶ್ನೆ ಕೇಳುವಷ್ಟರಲ್ಲಿ ಅವರ ಅಜ್ಜಿಯೂ ನಮ್ಮ ಅಜ್ಜಿಯೂ ಒಂದೇ ಕುಟುಂಬದವರೆಂದು ತಿಳಿಯಿತು.

“ನಮ್ಮವರೇ ಅಲ್ವಾ ಮಗಾ, ಅವರಿಗೆ ನಷ್ಟ ಆಗುವುದು ಬೇಡ. ಮೊದಲು ಹೇಳಿದ ರೇಟಿಗೇ ತೆಗೆದುಕೊಳ್ಳುವ,” ಎಂದರು ಅಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ಹೇಳಿದ ರೇಟನ್ನೇ ಬರೆದು ಸಾಲದ ಅರ್ಜಿ ತುಂಬಿಸಿದೆ. ಜಾಮೀನಿಗೆ ಕೇಳಿದ್ದ ಮೂವರು ನೆಂಟರೂ ನುಣುಚಿಕೊಂಡಿದ್ದರಿಂದ ಜಾಮೀನುದಾರರ ಸಹಿಯ ಜಾಗ ಮಾತ್ರ ಖಾಲಿ ಉಳಿಯಿತು. ಮ್ಯಾನೇಜರ್ ಅದನ್ನು ನೋಡಿ ಜೇಬಿನಿಂದ ಪೆನ್ನು ತೆಗೆದರು.

“ನಾನು ಹಾಕ್ತೇನೆ, ಚಿಕ್ಕಮ್ಮ,” ಎಂದರು, ನನ್ನನ್ನಲ್ಲ, ಅಮ್ಮನನ್ನು ನೋಡಿ.