ಸುರಿದ ಗೋಡೆಗಳ ಊರಿನಲ್ಲಿ

ಸಿಂಧನೂರಿನ ಕಾಲುವೆ ಕೆಲಸದಲ್ಲಿ ಗೋಡೆಯನ್ನು ಕಟ್ಟುತ್ತಿರಲಿಲ್ಲ, ಸುರಿಯುತ್ತಿದ್ದರು. ಮೊದಲ ದಿನ ಅದನ್ನು ಕಂಡು ನಾನು ಬೆರಗಾಗಿ ನಿಂತಿದ್ದೆ. ಎದುರುಬದುರು ಹಲಗೆ ನಿಲ್ಲಿಸಿ, ನಡುವೆ ಅಂಬಲಿಯಂಥ ಕಾಂಕ್ರೀಟು ಹೊಯ್ದು, ಗಟ್ಟಿಯಾದ ಮೇಲೆ ಹಲಗೆ ಕಿತ್ತರೆ ಗೋಡೆ ನಿಂತಿರುತ್ತದೆ. ನಾವು ಮುದಗಲ್ಲಿನ ಬಡಿಗೇರರು. ಅಪ್ಪ ಮಾಡಿದ ಬಾಗಿಲುಗಳನ್ನು ಊರವರು ಇಂದಿಗೂ ದಿನಾ ದಾಟುತ್ತಾರೆ. ಇಲ್ಲಿ ನಮ್ಮ ಮನೆಯವರು ಜೋಡಿಸಿದ್ದನ್ನು ಕೆಲವೇ ದಿನಗಳಲ್ಲಿ ಅವರೇ ಬಿಚ್ಚುತ್ತಿದ್ದರು.

ಹಲಗೆಗೆ ಸುಟ್ಟ ಮೋಟಾರು ಎಣ್ಣೆ ಬಳಿಯುವುದು ನನ್ನ ಕೆಲಸ. ಬಳಿಯದಿದ್ದರೆ ಹಲಗೆ ಅಂಟಿಕೊಂಡು, ಬಿಚ್ಚುವಾಗ ಗೋಡೆಯ ಮೈಯೇ ಕಿತ್ತುಬರುತ್ತದೆ. ತವರಿನಲ್ಲಿ ನಮ್ಮ ಹೆಂಗಸರು ಕೂಲಿಗೆ ಹೋದವರಲ್ಲ. ಆಂಧ್ರದ ಕಡೆಯ ಮೇಸ್ತ್ರಿ ಡಬ್ಬಿ ತೋರಿಸಿ, "ನೂನೆ ರಾಯಮ್ಮಾ," ಎಂದ. ತೆಲುಗಿನಲ್ಲಿ ಹಾಗೆಂದರೆ 'ಎಣ್ಣೆ ಹಚ್ಚಮ್ಮ'. ನಾನು ರಾಯಮ್ಮ ಯಾರೆಂದು ಹಿಂದೆ ತಿರುಗಿ ನೋಡಿದೆ. ಎಲ್ಲರೂ ನಕ್ಕರು. ಅಂದಿನಿಂದ ಬಸಮ್ಮನಾದ ನಾನು ಅಲ್ಲಿ ರಾಯಮ್ಮ. ತಗಡಿನ ಗುಡಿಸಲಲ್ಲಿ ರೊಟ್ಟಿ ತಟ್ಟಲು ಕೂತರೆ, ಎಷ್ಟು ತಿಕ್ಕಿ ತೊಳೆದರೂ ಕೈಯಿಂದ ಆ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊರಿನಿಂದ ಅಣ್ಣ ಬಂದ. ನಮ್ಮ ಮನೆಯವರು ಹಾರೆಯಿಂದ ಹಲಗೆ ಸಡಿಲಿಸುತ್ತಿದ್ದರು, ನಾನು ಕೆಳಗೆ ನಿಂತು ಹಿಡಿಯುತ್ತಿದ್ದೆ. ಮೊಣಕೈವರೆಗೆ ಕಪ್ಪು. ಸೆರಗಿನಲ್ಲಿ ಮುಚ್ಚಿಕೊಳ್ಳೋಣವೆಂದರೆ ಕೈತುಂಬ ಹಲಗೆ.

"ಸಾಹೇಬ್ರ ಬಂಗ್ಲೆಕ ಬಾಗ್ಲಾ ಮಾಡಾಕತ್ತೀವಿ ಅಂತ ಅವ್ವಗ ಹೇಳಿ ಕಳಿಸಿದ್ರಿ. ಇದೇನ್ ಬೇ?" ಎಂದ.

ನಮ್ಮ ಮನೆಯವರು ಹಾರೆ ಕೆಳಗಿಟ್ಟು, "ಬರ್ರಿ ಮಾವಾ, ನೆಳ್ಳಿಗೆ ಕುಂದರ್ರಿ," ಎಂದರು.

ಅಣ್ಣ ಕೂರಲಿಲ್ಲ. ಹಸಿ ಗೋಡೆಯ ಮೇಲೆ ಕೈಯಾಡಿಸುತ್ತ ನಿಂತ. ನನ್ನ ಮುಖ ನೋಡದೆ, "ಊರಾಗ ಬಾಗ್ಲಾ ಮಾಡಿಸೋರು ಯಾರೂ ಬರವಲ್ರು. ನನಗೂ ಇಲ್ಲಿ ಏನರೆ ಕೆಲಸ ಐತೇನು, ಕೇಳಿ ನೋಡು," ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಎತ್ತಿ ಆಡಿಸಿದ ಅಣ್ಣ ನನ್ನೆದುರು ತಲೆ ತಗ್ಗಿಸಿದ್ದನ್ನು ನೋಡಲಾಗಲಿಲ್ಲ. ಮೇಸ್ತ್ರಿಯ ಬಳಿಗೆ ಕರೆದೊಯ್ದು, "ಮಾ ಅನ್ನ. ಪನಿ ಕಾವಾಲಿ," ಎಂದೆ, ನಮ್ಮಣ್ಣ, ಕೆಲಸ ಬೇಕು ಎಂದು. ನಾನು ತಡವರಿಸದೆ ಆಡಿದ ಮೊದಲ ತೆಲುಗು ಅದು. ಮೇಸ್ತ್ರಿ ಅಣ್ಣನ ಅಂಗೈ ನೋಡಿ ಒಪ್ಪಿಕೊಂಡ.

"ಅವ್ವಗ ಹೇಳಬ್ಯಾಡ," ಎಂದ ಅಣ್ಣ.

"ನಂದೂ ನೀ ಹೇಳಬ್ಯಾಡ," ಎಂದೆ.

ಪಂಚಮಿಗೆ ಮುದಗಲ್ಲಿಗೆ ಹೋದಾಗ ಅವ್ವ ಓಣಿಯವರಿಗೆಲ್ಲ, "ಬಂಗ್ಲೆ ಬಾಗ್ಲಾ ಎಲ್ಲಾ ನಮ್ಮವ್ರ ಮಾಡ್ಯಾರ," ಎಂದು ಹೇಳಿಕೊಂಡು ಓಡಾಡಿದಳು. ಅವಳು ಕೈಗಿಟ್ಟ ಉಂಡಿಯನ್ನು ತಿನ್ನದೆ ಸೆರಗಿನಲ್ಲಿ ಕಟ್ಟಿಕೊಂಡೆ.

ಮರಳುವ ಬಸ್ಸಿನಲ್ಲಿ ಲಿಂಗಸುಗೂರಿನವರೆಗೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಮಸ್ಕಿ ದಾಟಿದ ಮೇಲೆ ನಾಳೆ ಬಿಚ್ಚಬೇಕಾದ ಗೋಡೆ ನೆನಪಾಯಿತು. ಮೂಲೆ ಮುರಿಯದೆ ಹಲಗೆ ಬಿಟ್ಟೀತೇ ಎಂದು ಯೋಚಿಸುತ್ತ ಕೂತೆ. ಸಿಂಧನೂರಿನಲ್ಲಿ ಇಳಿದಾಗ ಎದೆ ಹಗುರಾಗಿತ್ತು. ಅಲ್ಲಿ ಯಾರಿಗೂ ಸುಳ್ಳು ಹೇಳಬೇಕಿರಲಿಲ್ಲ. ತವರು ಬಿಟ್ಟು ಬಂದು ಹೀಗೆ ಹಗುರಾದೆನಲ್ಲ ಎಂದು, ಗಂಟು ಹಿಡಿದುಕೊಂಡು ಅಲ್ಲಿಯೇ ನಾಚಿ ನಿಂತೆ.